ಕೃಷ್ಣದೇವರಾಯನ ಚಿನ್ನದ ವರಾಹ ಕೊಳ್ಳುವ ಮುನ್ನ: ಹೊಸ ಸಂಗ್ರಾಹಕರಿಗೆ ಸಮಗ್ರ ಮಾರ್ಗದರ್ಶಿ

ವಾಟ್ಸಾಪ್‌ನಲ್ಲಿ ಒಂದು ಫೋಟೊ ಬರುತ್ತದೆ. ಯಾರದೋ ಅಂಗೈ, ಅದರ ಮೇಲೆ ಪುಟ್ಟ ಚಿನ್ನದ ನಾಣ್ಯ. ಕೆಳಗೊಂದು ಸಾಲು: ‘ಕೃಷ್ಣದೇವರಾಯರ ಕಾಲದ್ದು ಸಾರ್, ತುಂಬಾ ಅಪರೂಪ. ಇನ್ನಿಬ್ಬರು ಕೇಳ್ತಿದ್ದಾರೆ, ಬೇಗ ಹೇಳಿ.’ ಎದೆ ಒಂದು ಕ್ಷಣ ಜೋರಾಗಿ ಹೊಡೆದುಕೊಳ್ಳುತ್ತದೆ. ನನಗೂ ಹಾಗೇ ಆಗಿತ್ತು. ಆ ಜೋರಿನಲ್ಲೇ ದುಡ್ಡು ಕೊಟ್ಟು ಮನೆಗೆ ತಂದ ನನ್ನ ಮೊದಲ ವರಾಹ ಈಗಲೂ ಮೇಜಿನ ಡ್ರಾಯರಿನಲ್ಲಿದೆ. ಒಳ್ಳೆಯ ಚಿನ್ನ, ಸರಿಯಾದ ತೂಕ. ಹಳೆಯದು ಮಾತ್ರ ಅಲ್ಲ.

ಅದು ಗೊತ್ತಾಗಿದ್ದು ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಚಿನ್ನ ಅಸಲಿಯಾದರೆ ನಾಣ್ಯವೂ ಅಸಲಿ ಅಂತ ನಾನು ಅಂದುಕೊಂಡಿದ್ದೇ ತಪ್ಪಾಗಿತ್ತು. ಈ ಮಾರ್ಗದರ್ಶಿಯ ಅರ್ಧ ಭಾಗ ಆ ತಪ್ಪಿನ ಸುತ್ತಲೇ ಇದೆ.

1. ಏನು ಕೊಳ್ಳುತ್ತಿದ್ದೇವೆ ಅನ್ನುವುದು ಮೊದಲು ತಿಳಿದಿರಲಿ

ವಿಜಯನಗರದ ಮುಖ್ಯ ಚಿನ್ನದ ನಾಣ್ಯ ವರಾಹ. ಗದ್ಯಾಣ ಅಂತಲೂ ಕರೆಯುತ್ತಿದ್ದರು. ಯುರೋಪಿನವರು ಪಗೋಡ, ಪರ್ದಾವ್ ಅಂದರು, ಉತ್ತರದವರು ಹೊನ್ನು ಅನ್ನುವ ನಮ್ಮ ಮಾತನ್ನೇ ‘ಹೂನ್’ ಮಾಡಿಕೊಂಡರು. ತೂಕ ಸುಮಾರು 3.4 ಗ್ರಾಂ. ಅಗಲ 11ರಿಂದ 13 ಮಿಲಿಮೀಟರ್, ಅಂದರೆ ಷರ್ಟಿನ ಗುಂಡಿಯಷ್ಟು. ಮೊದಲ ಸಲ ನೋಡಿದವರೆಲ್ಲ ‘ಇಷ್ಟೇನಾ?’ ಅನ್ನುತ್ತಾರೆ. ಫೋಟೊದಲ್ಲಿ ದೊಡ್ಡದಾಗಿ ಕಾಣುತ್ತದೆ, ಕೈಗೆ ಬಂದಾಗ ಬೆರಳ ಸಂದಿಯಲ್ಲಿ ಜಾರಿಹೋಗುವಷ್ಟು ಚಿಕ್ಕದು.

ಅರ್ಧ ವರಾಹಕ್ಕೆ ಪ್ರತಾಪ ಅಂತ ಹೆಸರು, ತೂಕ ಸುಮಾರು 1.7 ಗ್ರಾಂ. ಅದಕ್ಕಿಂತ ಚಿಕ್ಕದು ಹಣ. ತೊಗರಿಬೇಳೆಯಷ್ಟಿರುತ್ತದೆ, ತೂಕ 0.4 ಗ್ರಾಮಿಗೂ ಕಡಿಮೆ. ನಾವು ದಿನಾ ಬಾಯಲ್ಲಿ ಹೇಳುವ ‘ಹಣ’ ಒಂದು ಕಾಲದಲ್ಲಿ ಈ ಚಿಕ್ಕ ಚಿನ್ನದ ನಾಣ್ಯದ ಹೆಸರಾಗಿತ್ತು.

ಮಾರುವವರು ‘ವರಾಹ’ ಅಂತ ಬರೆದು ಅರ್ಧ ವರಾಹದ ಫೋಟೊ ಹಾಕುವುದುಂಟು. ಪಕ್ಕದಲ್ಲಿ ಅಳತೆಪಟ್ಟಿ ಇಲ್ಲದಿದ್ದರೆ ಫೋಟೊದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ಪ್ರಶ್ನೆ ಬೆಲೆಯ ಬಗ್ಗೆ ಬೇಡ. ‘ತೂಕ ಎಷ್ಟು? ತಕ್ಕಡಿ ಮೇಲಿಟ್ಟು ಫೋಟೊ ಕಳಿಸಿ’ ಅನ್ನಿ.

ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಅವನ ಹೆಸರಿನ ನಾಣ್ಯಗಳಲ್ಲಿ ಬಾಲಕೃಷ್ಣನ ಚಿತ್ರದವು ಎಲ್ಲರಿಗೂ ಗೊತ್ತಿರುವಂಥವು. ಒಡಿಶಾದ ಗಜಪತಿ ರಾಜರಿಂದ ಉದಯಗಿರಿ ಕೋಟೆ ಗೆದ್ದು, ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ತಂದು 1515ರಲ್ಲಿ ಹಂಪಿಯ ಕೃಷ್ಣ ದೇವಸ್ಥಾನದಲ್ಲಿ ಪ್ರತಿಷ್ಠೆ ಮಾಡಿಸಿದ. ನಾಣ್ಯದ ಚಿತ್ರಕ್ಕೂ ಆ ವಿಗ್ರಹಕ್ಕೂ ಸಂಬಂಧವಿದೆ ಅನ್ನುವುದು ಹೆಚ್ಚಿನ ವಿದ್ವಾಂಸರ ಮಾತು.

ಅದೇ ಕಾಲಕ್ಕೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ನಾಣ್ಯ ನೋಡಿ ಬರೆದಿಟ್ಟಿದ್ದಾನೆ. ಒಂದು ಬದಿಯಲ್ಲಿ ಎರಡು ಮೂರ್ತಿ, ಇನ್ನೊಂದು ಬದಿಯಲ್ಲಿ ರಾಜನ ಹೆಸರು ಇರುತ್ತದೆ, ಆದರೆ ಈಗಿನ ರಾಜ ಹಾಕಿಸಿದ್ದರಲ್ಲಿ ಒಂದೇ ಮೂರ್ತಿ ಅನ್ನುತ್ತಾನೆ. ಹಿಂದಿನ ರಾಜರ ಉಮಾಮಹೇಶ್ವರ, ಲಕ್ಷ್ಮೀನಾರಾಯಣ ಜೋಡಿಗಳ ಪಕ್ಕ ಒಬ್ಬನೇ ಕುಳಿತ ಬಾಲಕೃಷ್ಣನನ್ನು ಇಟ್ಟು ನೋಡಿದರೆ ಅವನ ಮಾತು ಅರ್ಥವಾಗುತ್ತದೆ. 500 ವರ್ಷದ ಹಿಂದೆ ಅವನು ಮಾಡಿದ ಈ ಗುರುತು ಇವತ್ತಿಗೂ ಕೆಲಸಕ್ಕೆ ಬರುತ್ತದೆ.

2. ಕೊಳ್ಳುವ ಮೊದಲು ಅಸಲಿ ನಾಣ್ಯಗಳನ್ನು ಕಣ್ತುಂಬ ನೋಡಿ

ಇದಕ್ಕೆ ಹೆಚ್ಚು ಹೇಳುವುದಿಲ್ಲ. ಹಂಪಿಗೆ ಹೋದಾಗ ಕಮಲಾಪುರದ ಪುರಾತತ್ವ ಸಂಗ್ರಹಾಲಯ ಬಿಡಬೇಡಿ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆ ಮನೆಯಲ್ಲಿ ಹಿಂದಿನ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ನಾಣ್ಯ ಸಂಗ್ರಹಾಲಯವಿದೆ. ಮುಂಬೈ ಕಡೆ ಹೋದರೆ ರಿಸರ್ವ್ ಬ್ಯಾಂಕಿನ ಸಂಗ್ರಹಾಲಯ ನೋಡಿ. ನಾಣ್ಯ ಪ್ರದರ್ಶನಗಳಿಗೂ ಹೋಗಿ, ಆದರೆ ಮೊದಲ ಎರಡು ಸಲ ಪರ್ಸು ಮನೆಯಲ್ಲೇ ಇರಲಿ. ಹರಾಜು ಸಂಸ್ಥೆಗಳು ಹಳೆಯ ಹರಾಜುಗಳ ದೊಡ್ಡ ಫೋಟೊಗಳನ್ನು ಆನ್‌ಲೈನ್‌ನಲ್ಲಿ ಉಳಿಸಿರುತ್ತವೆ. ಒಂದೇ ಬಗೆಯ ನಾಣ್ಯದ 50 ಫೋಟೊ ನೋಡಿ ಮುಗಿಸುವ ಹೊತ್ತಿಗೆ ಕಣ್ಣಿಗೆ ತಾನಾಗೇ ಒಂದು ಅಂದಾಜು ಸಿಗುತ್ತದೆ.

3. ಎರಡೂ ಮುಖ ಓದುವುದನ್ನು ಕಲಿಯಿರಿ

ಮುಂಭಾಗದಿಂದ ಶುರು ಮಾಡೋಣ. ಬಾಲಕೃಷ್ಣ ಒಂದು ಮೊಣಕಾಲು ಮೇಲೆತ್ತಿ ಕುಳಿತಿದ್ದಾನೆ. ಒಂದು ಕೈಯಲ್ಲಿ ಬೆಣ್ಣೆಮುದ್ದೆ, ಇನ್ನೊಂದು ಕೈ ಎತ್ತಿದ ಮಂಡಿಯ ಮೇಲೆ. ಅಕ್ಕಪಕ್ಕದಲ್ಲಿ ಶಂಖ, ಚಕ್ರ. ಚಿತ್ರ ಒತ್ತುವ ಅಚ್ಚು ನಾಣ್ಯಕ್ಕಿಂತ ದೊಡ್ಡದಾಗಿದ್ದರಿಂದ ಎಷ್ಟೋ ನಾಣ್ಯಗಳಲ್ಲಿ ಶಂಖವೋ ಚಕ್ರವೋ ಅಂಚಿನಾಚೆ ಹೋಗಿಬಿಟ್ಟಿರುತ್ತದೆ. ಅದು ದೋಷ ಅಲ್ಲ. ಚಿತ್ರ ಅಚ್ಚುಕಟ್ಟಾಗಿ ನಡುವೆ ಕೂತು, ಸುತ್ತ ಒಂದೇ ಸಮ ಜಾಗ ಬಿಟ್ಟಿದ್ದರೆ ನನಗೆ ಸ್ವಲ್ಪ ಅನುಮಾನ ಬರುತ್ತದೆ.

ಹಿಂಭಾಗದಲ್ಲಿ ನಾಗರಿ ಲಿಪಿಯಲ್ಲಿ ಮೂರು ಸಾಲು: ಶ್ರೀ ಪ್ರತಾಪ ಕೃಷ್ಣರಾಯ. ಇಲ್ಲಿನ ‘ಪ್ರತಾಪ’ ರಾಜನ ಬಿರುದು, ಅರ್ಧ ವರಾಹದ ಹೆಸರಲ್ಲ. ಕನ್ನಡ ನಾಡಿನ ರಾಜನ ನಾಣ್ಯದಲ್ಲಿ ಕನ್ನಡ ಅಕ್ಷರ ಯಾಕಿಲ್ಲ ಅಂತ ಕೇಳುವವರು ತುಂಬ ಜನ. ವಿಜಯನಗರದ ಚಿನ್ನದ ನಾಣ್ಯಗಳಲ್ಲಿ ನಾಗರಿಯೇ ಹೆಚ್ಚು. ಅದನ್ನು ನೋಡಿ ನಕಲಿ ಅಂದುಕೊಳ್ಳಬೇಡಿ. ಹಿಂದಿ ಓದಲು ಬರುವವರೂ ಈ ಅಕ್ಷರ ಓದಲು ಮೊದಲ ನೋಟಕ್ಕೆ ತಡವರಿಸುತ್ತಾರೆ. ಒಂದು ಹಾಳೆಯ ಮೇಲೆ ಅಕ್ಷರಗಳನ್ನು ನೀವೇ ನಾಲ್ಕು ಸಲ ಬರೆದು ನೋಡಿ. ಆಮೇಲೆ ‘ಶ್ರೀ’ ಎಲ್ಲಿದೆ ಅಂತ ಹುಡುಕಬೇಕಾಗುವುದಿಲ್ಲ.

ನಾನು ಮಾಡುವುದು ಇಷ್ಟು. ಮೊದಲು ಮೇಲಿನ ಸಾಲಿನ ‘ಶ್ರೀ’ ಹಿಡಿಯುತ್ತೇನೆ, ನಾಣ್ಯ ತಲೆಕೆಳಗಾಗಿಲ್ಲ ಅಂತ ಖಾತ್ರಿಯಾಗುತ್ತದೆ. ನಂತರ ‘ಪ್ರತಾಪ’. ಮಾರುವವರು ಮಾಡುವ ಗೊಂದಲ ಬಯಲಾಗುವುದು ಆಮೇಲಿನ ಹೆಸರಿನಲ್ಲಿ. ಕೆಲವು ಗೊಂದಲಗಳು ಮತ್ತೆ ಮತ್ತೆ ಬರುತ್ತವೆ.

ಎರಡು ತಲೆಯ ಗಂಡಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆ ಹಿಡಿದಿರುವ ನಾಣ್ಯ ನೋಡಲು ಬಲು ಚೆಂದ. ಅದನ್ನೂ ‘ಕೃಷ್ಣದೇವರಾಯ’ ಅಂತ ಮಾರುತ್ತಾರೆ. ಆದರೆ ಹಿಂದೆ ಓದಿದರೆ ‘ಪ್ರತಾಪಾಚ್ಯುತರಾಯ’ ಅಂತ ಇರುತ್ತದೆ. ಅದು 1529ರಿಂದ 1542ರವರೆಗೆ ಆಳಿದ ಅವನ ತಮ್ಮ ಅಚ್ಯುತರಾಯನದ್ದು.

ಶಿವ ಪಾರ್ವತಿ ಇರುವ ವರಾಹಗಳಲ್ಲಿ ಗೊಂದಲ ಇನ್ನೂ ಜಾಸ್ತಿ. ಹಿಂದೆ ಬರೀ ‘ಶ್ರೀ ಸದಾಶಿವ’ ಅಂತಿದ್ದರೆ ಅದು ಕೆಳದಿ ನಾಯಕರ ಇಕ್ಕೇರಿ ವರಾಹ. ‘ಪ್ರತಾಪ ಸದಾಶಿವರಾಯ’ ಅಂತಿದ್ದರೆ ವಿಜಯನಗರದ ಸದಾಶಿವರಾಯನ ಕಡೆಗೆ ಹೋಗಬೇಕು. ಅದೇ ಶಿವ ಪಾರ್ವತಿಯ ಹಿಂದೆ ಚುಕ್ಕಿಚುಕ್ಕಿ ಹಿನ್ನೆಲೆಯ ಮೇಲೆ ಒಂದೇ ಒಂದು ಪರ್ಷಿಯನ್ ಅಕ್ಷರ ಇದ್ದರೆ ಅದು ಹೈದರಾಲಿಯದ್ದು. ಕೆಳದಿಯನ್ನು ಗೆದ್ದ ಮೇಲೂ ಅವನು ಜನಕ್ಕೆ ಒಗ್ಗಿದ್ದ ಚಿತ್ರವನ್ನೇ ಉಳಿಸಿಕೊಂಡು, ಹಿಂದೆ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿಸಿದ. ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲೂ ಅದೇ ಜೋಡಿ, ಹಿಂದೆ ನಾಗರಿಯಲ್ಲಿ ‘ಶ್ರೀ ಕೃಷ್ಣರಾಜ’. ಈ ‘ಕೃಷ್ಣರಾಜ’ವನ್ನು ‘ಕೃಷ್ಣರಾಯ’ ಅಂತ ಓದಿ 300 ವರ್ಷ ಹಿಂದಕ್ಕೆ ತಳ್ಳಿ ಮಾರಲು ಕುಳಿತವರನ್ನು ನಾನೇ ನೋಡಿದ್ದೇನೆ. ಗೊತ್ತಿದ್ದು ಮಾಡಿದರೋ ಗೊತ್ತಿಲ್ಲದೆಯೋ, ದುಡ್ಡು ಹೋಗುವುದು ಕೊಳ್ಳುವವನದ್ದೇ ಅಲ್ವಾ?

ಇವೆಲ್ಲ ಒಳ್ಳೆಯ ನಾಣ್ಯಗಳೇ. ನಾನು ಇಕ್ಕೇರಿ ವರಾಹವನ್ನು ಇಷ್ಟಪಟ್ಟು ಕೊಂಡಿದ್ದೇನೆ. ಆದರೆ ಬೇರೆ ರಾಜ, ಬೇರೆ ಬೆಲೆ.

4. ತೂಗಿ, ನೀರಿನಲ್ಲಿ ಮುಳುಗಿಸಿ ನೋಡಿ

ಬೇಕಾಗುವುದು ನಾಲ್ಕೇ ಸಾಮಾನು. 0.001 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, ಅಕ್ಕಸಾಲಿಗರು ಕಣ್ಣಿಗೆ ಒತ್ತಿಕೊಳ್ಳುವ 10 ಪಟ್ಟಿನ ಭೂತಗನ್ನಡಿ, ಒಂದು ಸಣ್ಣ ಗಾಜಿನ ಲೋಟ, ತೆಳು ದಾರ.

ಮೊದಲು ನಾಣ್ಯವನ್ನು ಹಾಗೇ ತೂಗಿ. 3.40 ಗ್ರಾಂ ಬಂತು ಅನ್ನಿ. ಈಗ ಲೋಟಕ್ಕೆ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ದಾರ ಸುತ್ತಿ ನೀರಿನೊಳಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ಆದರೆ ತಳ, ಗೋಡೆ ಎರಡಕ್ಕೂ ತಾಗಬಾರದು. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಮೆಲ್ಲಗೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ.

ತಕ್ಕಡಿ 0.195 ತೋರಿಸಿದರೆ 3.40 ಭಾಗಿಸು 0.195, ಸುಮಾರು 17.4. ಅಪ್ಪಟ ಚಿನ್ನಕ್ಕೆ ಈ ಲೆಕ್ಕ 19.3 ಬರುತ್ತದೆ, 22 ಕ್ಯಾರೆಟ್ಟಿಗೆ 17.7ರ ಆಸುಪಾಸು. ಹಾಗಾಗಿ 17.4 ಅಂದರೆ ಒಳ್ಳೆಯ ಚಿನ್ನ. ಬೆಳ್ಳಿಗೆ ಚಿನ್ನದ ನೀರು ಕುಡಿಸಿದ್ದರೆ ತಕ್ಕಡಿ 0.32ರ ಹತ್ತಿರ ತೋರಿಸುತ್ತದೆ, ತಾಮ್ರವಾದರೆ 0.38. ವ್ಯತ್ಯಾಸ ಅಷ್ಟು ದೊಡ್ಡದಿರುವುದರಿಂದ ಅಡುಗೆಮನೆಯಲ್ಲೇ ಹಿಡಿಯಬಹುದು. ಅರ್ಧ ವರಾಹಕ್ಕೆ ಈ ಪರೀಕ್ಷೆ ಸ್ವಲ್ಪ ಮಸುಕಾಗುತ್ತದೆ. ಹಣಕ್ಕೆ ನಡೆಯುವುದೇ ಇಲ್ಲ, ಅದು ಅಷ್ಟು ಹಗುರ. ಇದು ಕಷ್ಟ ಅನ್ನಿಸಿದರೆ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಎಕ್ಸ್‌ರೇ ಯಂತ್ರದಲ್ಲಿಟ್ಟು ನೋಡುತ್ತಾರೆ, ನಾಣ್ಯಕ್ಕೆ ಏನೂ ಆಗುವುದಿಲ್ಲ.

ಒರೆಗಲ್ಲಿಗೆ ಮಾತ್ರ ಉಜ್ಜಲು ಬಿಡಬೇಡಿ. ‘ಒಂದ್ಸಲ ಉಜ್ಜಿ ಹೇಳ್ತೀನಿ’ ಅಂತ ಪರಿಚಯದ ಅಕ್ಕಸಾಲಿಗರು ಪ್ರೀತಿಯಿಂದಲೇ ಕೈಚಾಚುತ್ತಾರೆ. ಅವರಿಗೆ ಅದು ಲೋಹ. ಒಂದು ಗೀರು ಬಿದ್ದರೂ ಸಂಗ್ರಾಹಕರ ಕಣ್ಣಲ್ಲಿ ಬೆಲೆ ಇಳಿಯುತ್ತದೆ.

ಇಲ್ಲಿಗೆ ಗೊತ್ತಾಗಿದ್ದು ಲೋಹ ಚಿನ್ನ ಅನ್ನುವುದಷ್ಟೇ. ನನ್ನ ಡ್ರಾಯರಿನ ನಾಣ್ಯ ಕೂಡ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ.

5. ಭೂತಗನ್ನಡಿ ಹಿಡಿದು ಕುಳಿತುಕೊಳ್ಳಿ, ಅವಸರ ಬೇಡ

ನಕಲಿ ಮಾಡುವವರು ಈಗ ಅಸಲಿ ಚಿನ್ನವನ್ನೇ ಬಳಸುತ್ತಾರೆ. 3.4 ಗ್ರಾಂ ಚಿನ್ನಕ್ಕೆ ಒಂದು ಬೆಲೆ, ಅದೇ ಚಿನ್ನ ‘ರಾಯರ ಕಾಲದ್ದು’ ಆದರೆ ಇನ್ನೊಂದು ಬೆಲೆ. ಆ ನಡುವಿನ ಅಂತರವೇ ಅವರ ಲಾಭ.

ಹಳೆಯ ವರಾಹವನ್ನು ಮಾಡುತ್ತಿದ್ದುದು ಅಚ್ಚೊತ್ತಿ. ಚಿನ್ನದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಏಟಿಗೆ ಲೋಹ ಅಚ್ಚಿನ ಒಳಕ್ಕೆ ನುಗ್ಗುತ್ತದೆ. ಹಾಗಾಗಿ ಅಕ್ಷರದ ಬದಿಗಳು ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತವೆ. ಅಂಚಿನಲ್ಲಿ ಸಣ್ಣ ಬಿರುಕುಗಳಿರಬಹುದು. ಎರಕ ಹೊಯ್ದ ನಕಲಿಯಲ್ಲಿ ಅಕ್ಷರದ ಬುಡ ದುಂಡಾಗಿ, ಸೋಪಿನ ಮೇಲಿನ ಹೆಸರು ಸವೆದ ಹಾಗೆ ಕಾಣುತ್ತದೆ. ಚಿತ್ರ, ಅಕ್ಷರ ಇಲ್ಲದ ಬರೀ ಜಾಗದಲ್ಲಿ ಸೂಜಿಮೊನೆಯಂಥ ತೂತುಗಳು. ಅಂಚನ್ನು ತಿರುಗಿಸುತ್ತಾ ಹೋದರೆ ಕೆಲವೊಮ್ಮೆ ಸುತ್ತಲೂ ಸಣ್ಣ ಗೆರೆಯೊಂದು ಸಿಗುತ್ತದೆ. ಎರಡು ಅಚ್ಚು ಕೂಡಿದ ಜಾಗ ಅದು. ಕೆಲವೊಮ್ಮೆ ಆ ಗೆರೆಯನ್ನು ಅರದಿಂದ ಉಜ್ಜಿ ತೆಗೆದ ಗುರುತು ಉಳಿದಿರುತ್ತದೆ.

ಮುಂದೆ ಸವೆತ ನೋಡಿ. ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಮೊದಲು ಸವೆಯುವುದು ಎತ್ತರದ ಜಾಗ: ಕೃಷ್ಣನ ಹೊಟ್ಟೆ, ಎತ್ತಿದ ಮಂಡಿ, ಮುಖ. ತಗ್ಗಿನಲ್ಲಿ, ಅಂದರೆ ಕಾಲಿನ ಸಂದಿಯಲ್ಲಿ, ಅಕ್ಷರಗಳ ನಡುವೆ ಹಳೆ ಕೊಳೆ ಗಟ್ಟಿಯಾಗಿ ಕೂತಿರುತ್ತದೆ. ಎತ್ತರ, ತಗ್ಗು ಎರಡೂ ಒಂದೇ ಸಮ ಸವೆದಿದ್ದರೆ ಯಾರೋ ಉದ್ದೇಶಪೂರ್ವಕವಾಗಿ ಸವೆಸಿದ್ದಾರೆ.

ಈಗ ನನ್ನ ಕಥೆ. ಕೊಂಡ ನಾಣ್ಯದಲ್ಲಿ ಬಾಲಕೃಷ್ಣನ ಎಡಕ್ಕೆ, ಅಂಚಿನಲ್ಲಿ ಒಂದು ಬಿರುಕು ಇತ್ತು, ಇಂಗ್ಲಿಷಿನ ವೈ ಅಕ್ಷರದ ಹಾಗೆ. ನನಗೆ ಅದೇ ಹೆಮ್ಮೆ. ನೋಡಿ, ಎಷ್ಟು ಸಹಜವಾಗಿದೆ ಅಂತ ಮನೆಗೆ ಬಂದವರಿಗೆಲ್ಲ ತೋರಿಸಿದ್ದೆ. ಏಳೆಂಟು ತಿಂಗಳಾದ ಮೇಲೆ ಬೇರೆ ಊರಿನ ಒಬ್ಬರು ತಮ್ಮ ಹೊಸ ವರಾಹದ ಫೋಟೊ ಕಳಿಸಿದರು. ಎಡಕ್ಕೆ, ಅದೇ ಜಾಗದಲ್ಲಿ, ಅದೇ ವೈ.

ಒಂದೇ ಅಚ್ಚಿನಿಂದ ಸಾವಿರ ನಾಣ್ಯ ಬರಬಹುದು, ಅವುಗಳ ಚಿತ್ರ ಒಂದೇ ಥರ ಇರಬಹುದು. ಆದರೆ ಪ್ರತಿ ಏಟಿಗೆ ಬಿಲ್ಲೆ ಬೇರೆ ರೀತಿ ಒಡೆಯುತ್ತದೆ. ಎರಡು ನಾಣ್ಯಗಳಲ್ಲಿ ಬಿರುಕು ಒಂದೇ ಕಡೆ, ಒಂದೇ ಆಕಾರದಲ್ಲಿ ಇದ್ದರೆ ಎರಡೂ ಮೂರನೆಯ ಯಾವುದೋ ನಾಣ್ಯದ ನಕಲು, ಇಲ್ಲವೇ ಒಂದು ಇನ್ನೊಂದರ ನಕಲು. ನಾನು ಎರಡೂ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ಸುಮ್ನೆ ನೋಡುತ್ತಾ ಕುಳಿತೆ. ಮಾರಿದವರು ಫೋನ್ ಎತ್ತುವುದು ಬಿಟ್ಟಿದ್ದರು. ಅಂದಿನಿಂದ ಕೊಳ್ಳುವ ಮೊದಲು ಅದೇ ಬಿರುಕು, ಅದೇ ಓರೆ ಎಲ್ಲಾದರೂ ಕಾಣುತ್ತದಾ ಅಂತ ಹಳೆಯ ಹರಾಜುಗಳ ಫೋಟೊಗಳಲ್ಲಿ ಹುಡುಕುವುದು ರೂಢಿಯಾಗಿದೆ.

ಆಭರಣದಿಂದ ಬಿಚ್ಚಿದ ನಾಣ್ಯಗಳನ್ನೂ ಗಮನಿಸಿ. ಕಾಸಿನ ಸರಕ್ಕೋ ಪದಕಕ್ಕೋ ಹಾಕಿದ್ದ ನಾಣ್ಯದ ನೆತ್ತಿಯಲ್ಲಿ ಕೊಂಡಿ ಬೆಸೆದ ಗುರುತು, ಇಲ್ಲವೇ ತೂತು ಮುಚ್ಚಿದ ಗುರುತು ಇರುತ್ತದೆ. ಅಲ್ಲಿ ಚಿನ್ನದ ಬಣ್ಣ ಸ್ವಲ್ಪ ಬೇರೆಯಾಗಿರುತ್ತದೆ. ಅಂಥವು ಅಸಲಿಯೇ ಇರಬಹುದು, ಬೆಲೆ ಮಾತ್ರ ಚೆನ್ನಾಗಿಯೇ ಕಡಿಮೆಯಾಗಬೇಕು. ಹೊಸಬರಿಗೆ ಇಂಥದ್ದೊಂದು ಒಳ್ಳೆಯ ಶುರು ಅಂತ ನನ್ನ ಅನಿಸಿಕೆ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ, ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಎನ್‌ಜಿಸಿಯಂಥ ಸಂಸ್ಥೆಯ ದೃಢೀಕರಣದ ಸಂಖ್ಯೆಯೊಂದಿಗೆ ಬರುವ ನಾಣ್ಯಗಳೂ ಇವೆ. ಆ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿ ಬರುವ ಫೋಟೊ ಜೊತೆ ಹೋಲಿಸಿ. ಡಬ್ಬಿಯನ್ನೂ ನಕಲು ಮಾಡುತ್ತಾರೆ.

6. ಕಥೆ ಕೇಳಿ, ದುಡ್ಡು ಕಾಗದಕ್ಕೆ ಕೊಡಿ

ಕೃಷ್ಣದೇವರಾಯ 1514ರಲ್ಲಿ ತಿರುಪತಿಯ ವೆಂಕಟೇಶ್ವರನಿಗೆ 30,000 ಚಿನ್ನದ ನಾಣ್ಯಗಳಿಂದ ಕನಕಾಭಿಷೇಕ ಮಾಡಿಸಿದ ವಿಷಯ ಶಾಸನದಲ್ಲಿದೆ. ಮಾರುಕಟ್ಟೆಯಲ್ಲಿ ಈ ಒಂದು ಸಾಲಿನಿಂದ ಎಷ್ಟು ನಾಣ್ಯ ಮಾರಾಟವಾಗಿವೆಯೋ! ‘ಇದು ಆ ಅಭಿಷೇಕದ್ದೇ ಸಾರ್.’ ಯಾವ ನಾಣ್ಯ ದೇವರ ತಲೆ ಮೇಲೆ ಬಿತ್ತು ಅಂತ ಯಾರೂ ಹೇಳಲಾರರು. ಆ ಮಾತಿಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

‘ಹೊಲ ಉಳುವಾಗ ಸಿಕ್ಕಿತು’ ಅನ್ನುವ ಕಥೆ ಇನ್ನೂ ಅಪಾಯ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು ಅನ್ನುವ ಕಾನೂನು 1878ರಿಂದಲೂ ಇದೆ. ಕಥೆ ಸುಳ್ಳಾದರೆ ನಾಣ್ಯ ನಕಲಿ, ನಿಜವಾದರೆ ನೀವು ಕೇಸಿನಲ್ಲಿ. ಎರಡರಲ್ಲೂ ಎದ್ದು ಬರುವುದೇ ಮೇಲು.

100 ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಪ್ರಾಚ್ಯವಸ್ತು. ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು, ಅದರ ಸಂಖ್ಯೆ ಕೇಳಿ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲೋ ದುಬೈನಲ್ಲೋ ಇರುವ ನಮ್ಮವರು ಇದನ್ನು ಸರಿಯಾಗಿ ತಿಳಿದಿರಬೇಕು. ಊರಿಗೆ ಬಂದಾಗ ಒಂದು ವರಾಹ ಕೊಂಡು ಪರ್ಸಿನಲ್ಲಿ ಹಾಕಿಕೊಂಡು ಹೋಗುವುದು ಸಾಧ್ಯವಿಲ್ಲ. ಅಜ್ಜಿಯ ಕಾಸಿನ ಸರದಲ್ಲಿ ಹಳೆ ನಾಣ್ಯಗಳಿದ್ದರೂ ಇದೇ ಪ್ರಶ್ನೆ ಬರುತ್ತದೆ. ಅನುಮಾನವಿದ್ದರೆ ಪುರಾತತ್ವ ಇಲಾಖೆಗೆ ತೋರಿಸಿ. ವಸ್ತು ಅಷ್ಟು ಹಳೆಯದಲ್ಲದಿದ್ದರೆ ಪ್ರಾಚ್ಯವಸ್ತು ಅಲ್ಲ ಅಂತ ಅವರು ಪತ್ರ ಕೊಡುತ್ತಾರೆ.

ಬಿಲ್ಲಿನಲ್ಲಿ ‘ಹಳೆ ನಾಣ್ಯ 1’ ಅಂತ ಬರೆಸಿಕೊಳ್ಳಬೇಡಿ. ರಾಜನ ಹೆಸರು, ಬಗೆ, ತೂಕ, ಎರಡೂ ಮುಖದ ಫೋಟೊ, ಅಸಲಿಯಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವ ಮಾತು, ಇಷ್ಟೂ ಬರಹದಲ್ಲಿರಲಿ. ವಾಪಸ್ ಅನ್ನುವ ಪದ ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲೇ ಉತ್ತರ ಸಿಕ್ಕಿತು. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಅದಕ್ಕಿಂತ ಕಡಿಮೆ ಇದ್ದರೂ ಬ್ಯಾಂಕ್ ಮೂಲಕವೇ ಕೊಡಿ.

7. ಬೆಲೆಯ ಲೆಕ್ಕ

ಮೊದಲು ಆ ದಿನದ 22 ಕ್ಯಾರೆಟ್ ದರವನ್ನು 3.4ಕ್ಕೆ ಗುಣಿಸಿ. ಅದು ಬರೀ ಲೋಹದ ಬೆಲೆ. ಅದಕ್ಕಿಂತ ತೀರ ಕಡಿಮೆಗೆ ಯಾರಾದರೂ ಕೊಡುತ್ತೇನೆ ಅಂದರೆ ಖುಷಿಪಡಬೇಡಿ, ಚಿನ್ನದಂಗಡಿಯವರು ಅವರಿಗೆ ಅಷ್ಟು ಕೊಡುತ್ತಿರಲಿಲ್ಲವೇ? ಅದರ ಮೇಲೆ ಎಷ್ಟು ಕೊಡಬಹುದು ಅನ್ನುವುದು ಬಗೆ, ಸವೆತ, ಅಕ್ಷರ ಎಷ್ಟು ಪೂರ್ತಿ ಕಾಣುತ್ತದೆ ಅನ್ನುವುದರ ಮೇಲೆ ಹೋಗುತ್ತದೆ.

ಒಂದು ಕಹಿ ಮಾತು. ಬಾಲಕೃಷ್ಣನ ವರಾಹ ಚೆಂದವೇ, ಹೆಸರುವಾಸಿಯೇ, ಆದರೆ ಮಾರುವವರು ಹೇಳುವಷ್ಟು ಅಪರೂಪ ಅಲ್ಲ. ಹರಾಜುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊದಲ ಹರಿಹರ, ಬುಕ್ಕರ ಹನುಮಂತನ ವರಾಹಗಳು ಅದಕ್ಕಿಂತ ಎಷ್ಟೋ ವಿರಳ. ವೆಂಕಟೇಶ್ವರ ನಿಂತಿರುವ, ಎರಡು ವರಾಹದ ತೂಕದ ಕೃಷ್ಣದೇವರಾಯನ ನಾಣ್ಯ ಇನ್ನೂ ವಿರಳ. ಅದು ನಿಮ್ಮ ವಾಟ್ಸಾಪಿಗೆ ಬಂದಿದೆ ಅಂದರೆ ಮೊದಲು ನಕ್ಕುಬಿಡಿ, ಆಮೇಲೆ ಹರಾಜು ಸಂಸ್ಥೆಯೊಂದಕ್ಕೆ ಫೋಟೊ ತೋರಿಸಿ. ಹಾಗಾಗಿ ಬಾಲಕೃಷ್ಣನಿಗೆ ಅವಸರ ಬೇಕಿಲ್ಲ. ಇದು ಹೋದರೆ ಇನ್ನೊಂದು ಬರುತ್ತದೆ.

ಹರಾಜಿನಲ್ಲಿ ಕೊಳ್ಳುವುದಾದರೆ ಕೂಗಿದ ಬೆಲೆಯೇ ಕೊನೆಯ ಬೆಲೆ ಅಲ್ಲ. ಕೊಳ್ಳುವವರ ಪ್ರೀಮಿಯಂ ಅಂತ ಶೇಕಡಾ 10ರಿಂದ 20ರಷ್ಟು ಸೇರುತ್ತದೆ. 1 ಲಕ್ಷಕ್ಕೆ ಕೂಗಿ ಗೆದ್ದಿರಿ, ಪ್ರೀಮಿಯಂ ಶೇ 15 ಅಂದರೆ ಅಲ್ಲಿಗೆ 1,15,000. ಮೇಲೆ ಜಿಎಸ್‌ಟಿ, ವಿಮೆ, ಕೊರಿಯರ್. ನಾನು ಕೈಯಲ್ಲಿರುವ ದುಡ್ಡಿನಿಂದ ಇದನ್ನೆಲ್ಲ ಕಳೆದು ಉಳಿದ ಅಂಕಿಯನ್ನು ಚೀಟಿಯಲ್ಲಿ ಬರೆದು ಮುಂದಿಟ್ಟುಕೊಂಡು ಕೂರುತ್ತೇನೆ. ಚೀಟಿ ಮೀರಿದ್ದು ಎರಡು ಸಲ. ಎರಡು ಸಲವೂ ಮನೆಯಲ್ಲಿ ಬೈಸಿಕೊಂಡಿದ್ದೇನೆ.

8. ಮನೆಗೆ ಬಂದ ಮೇಲೆ

ತೊಳೆಯಬೇಡಿ. ಅಂಟುವಾಳದ ನೊರೆ, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದೂ ಬೇಡ. ಕಾಲಿನ ಸಂದಿಯಲ್ಲಿರುವ ಆ ಹಳೆ ಕೊಳೆ ನಾಣ್ಯದ ಪರ ಸಾಕ್ಷಿ ಹೇಳುವಂಥದ್ದು. ಅದನ್ನು ತೊಳೆದು ಫಳಫಳ ಮಾಡಿದರೆ ನಾಣ್ಯ ನೋಡಲು ನನ್ನ ಡ್ರಾಯರಿನ ನಾಣ್ಯದ ಥರವೇ ಆಗುತ್ತದೆ.

ಹಿಡಿಯುವಾಗ ಅಂಚಿನಲ್ಲಿ ಹಿಡಿಯಿರಿ, ಕೆಳಗೆ ಮಡಚಿದ ಟವೆಲ್ ಇರಲಿ. ಗುಂಡಿಯಷ್ಟಿರುವ ನಾಣ್ಯ ಕೈತಪ್ಪಿ ಮೊಸಾಯಿಕ್ ನೆಲಕ್ಕೆ ಬಿದ್ದು ಬೀರುವಿನ ಕೆಳಗೆ ಉರುಳಿ ಹೋದರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಒಂದೊಂದಕ್ಕೂ ಬೇರೆ ಡಬ್ಬಿ, ಚಿನ್ನ ಮೆತ್ತಗೆ, ಒಂದಕ್ಕೊಂದು ತಾಗಿದರೆ ಗೀರಾಗುತ್ತದೆ. ನಾಣ್ಯ ಲಾಕರಿನಲ್ಲಿ, ಬಿಲ್ಲು ಮತ್ತು ಫೋಟೊ ಮನೆಯಲ್ಲಿ.

ಮತ್ತೆ, ಡಬ್ಬಿಯೊಳಗೆ ಒಂದು ಚೀಟಿ ಹಾಕಿಡಿ. ಯಾರ ನಾಣ್ಯ, ತೂಕ ಎಷ್ಟು, ಯಾವಾಗ ಎಲ್ಲಿ ಎಷ್ಟಕ್ಕೆ ಕೊಂಡಿದ್ದು, ಮಾರಬೇಕಾದರೆ ಯಾರನ್ನು ಕೇಳಬೇಕು. ನಾವಿಲ್ಲದ ದಿನ ಮನೆಯವರು ಅದನ್ನು ಹಳೆ ಉಂಗುರಗಳ ಜೊತೆ ಕರಗಿಸಲು ಒಯ್ಯದಿರಲಿ ಅಂತ. ನನ್ನ ಡ್ರಾಯರಿನ ಆ ನಾಣ್ಯಕ್ಕೂ ಚೀಟಿ ಬರೆದಿದ್ದೇನೆ: ‘ಚಿನ್ನ ಅಸಲಿ, ನಾಣ್ಯ ನಕಲಿ. ಇದನ್ನು ಕರಗಿಸಬಹುದು.’